ಅಕ್ಕನ ವರ್ಷದಲ್ಲಿ ಎಷ್ಟು ಗಂಟೆ?

ನಮ್ಮ ಆಫೀಸಿನಲ್ಲಿ ಮನುಷ್ಯರಿಗೆ 'ರಿಸೋರ್ಸ್' ಅಂತಾರೆ. ಹೊಸದಾಗಿ ಸೇರಿದಾಗ ಕಿವಿಗೆ ಒಂಥರಾ ಆಗ್ತಿತ್ತು. ಈಗ ನಾನೇ ಹೇಳ್ತೀನಿ, "ಇನ್ನೆರಡು ರಿಸೋರ್ಸ್ ಕೊಡಿ, ಇಲ್ಲಾಂದ್ರೆ ಆ ಡೇಟ್‌ಗೆ ಆಗಲ್ಲ" ಅಂತ. ಎರಡು ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆ ಕೂತು ಯಾರಿಗೆ ಎಷ್ಟು ರಜೆ, ಯಾರು ಟ್ರೈನಿಂಗ್‌ಗೆ ಹೋಗ್ತಾರೆ, ಮೀಟಿಂಗ್‌ಗಳಲ್ಲಿ ಎಷ್ಟು ಹೊತ್ತು ಹಾಳಾಗತ್ತೆ, ಎಲ್ಲ ಕಳೆದು ಉಳಿದ ಗಂಟೆಗಳಿಗೆ ಮಾತ್ರ ಕೆಲಸ ಹಂಚ್ತೀವಿ. ಎಂಟು ಜನರ ಟೀಮ್ ಅಂದ್ರೆ ಲೆಕ್ಕಕ್ಕೆ ಸಿಗೋದು ಐದೂವರೆ ಜನ. ನಿನ್ನೆ ಮೊನ್ನೆ ಸೇರಿದ ಫ್ರೆಶರ್‌ಗೂ ಇದು ಗೊತ್ತು.

ಇದೇ ಲೆಕ್ಕವನ್ನು ದೇಶಗಳು ತಮ್ಮ ಡಾಕ್ಟರು, ನರ್ಸುಗಳ ವಿಷಯದಲ್ಲಿ ಹೇಗೆ ಮಾಡ್ತವೆ ಅಂತ ನಾನು ಓದಲು ಕೂತದ್ದು ಕುತೂಹಲದಿಂದಲ್ಲ. ಅಕ್ಕನಿಗೆ ಒಂದು ನೋಟಿಸ್ ಬಂದಿತ್ತು.

ಅಕ್ಕ ಎಎನ್‌ಎಂ. ಹದಿನೇಳು ವರ್ಷದ ಸರ್ವಿಸ್. ಈಗ ಹುದ್ದೆಗೆ 'ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ' ಅಂತ ದೊಡ್ಡ ಹೆಸರು ಬಂದಿದೆ, ಊರವರಿಗೆ ಮಾತ್ರ ಇವತ್ತಿಗೂ ನರ್ಸಮ್ಮ. ನಿಯಮದ ಪ್ರಕಾರ ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೊಂದು ಉಪಕೇಂದ್ರ ಇರಬೇಕು. ಅಕ್ಕನ ಉಪಕೇಂದ್ರದಲ್ಲಿ 6,200 ಜನ ಇದ್ದಾರೆ. ಅದರ ಜೊತೆಗೆ ಹನ್ನೊಂದು ಕಿಲೋಮೀಟರ್ ದೂರದ ಇನ್ನೊಂದು ಉಪಕೇಂದ್ರ, 4,000 ಜನದ್ದು, ಒಂದೂವರೆ ವರ್ಷದಿಂದ ಇನ್‌ಚಾರ್ಜ್. ಅಲ್ಲಿನ ಸಿಸ್ಟರ್ ಡೆಪ್ಯುಟೇಶನ್ ಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋದವರು ವಾಪಸ್ ಬಂದಿಲ್ಲ. ಅವರ ಸಂಬಳ ಆ ಉಪಕೇಂದ್ರದ ಲೆಕ್ಕದಲ್ಲೇ ಆಗ್ತದೆ. ಹಾಗಾಗಿ ಕಾಗದದಲ್ಲಿ ಆ ಹುದ್ದೆ 'ಭರ್ತಿ'.

ಜನವರಿಯಲ್ಲಿ ಆ ಇನ್‌ಚಾರ್ಜ್ ಊರಿನ ಒಬ್ಬ ಬಸುರಿಗೆ ಎಂಟನೇ ತಿಂಗಳ ಬಿಪಿ ನೋಡುವ ದಿನ ಅಕ್ಕ ಟ್ರೈನಿಂಗಿನಲ್ಲಿದ್ದಳು. ಮುಂದಿನ ವಾರ ಲಸಿಕೆ, ಆಮೇಲೆ ರಿವ್ಯೂ ಮೀಟಿಂಗ್. ಅಕ್ಕ ಅಲ್ಲಿಗೆ ಹೋಗುವಷ್ಟರಲ್ಲಿ ಹುಡುಗಿಯ ಕಾಲು, ಮುಖ ಊದಿಕೊಂಡಿತ್ತು. ಆ್ಯಂಬುಲೆನ್ಸ್‌ನಲ್ಲಿ ತಾನೇ ಕೂತು ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋದಳು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಮೂರು ವಾರಕ್ಕೆ ಅಕ್ಕನ ಕೈಗೆ ಕಾರಣ ಕೇಳಿ ನೋಟಿಸ್ ಬಂತು, 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಅಂತ.

ನನಗೆ ಫೋನ್ ಮಾಡಿದಾಗ ಅಕ್ಕ ಅಳಲಿಲ್ಲ. "ಆ ಹುಡ್ಗಿ ಎದುರಿಗೆ ಸಿಕ್ಕಿದ್ರೆ ಏನ್ ಮಾತಾಡ್ಲಿ ಹೇಳು" ಅಂತ ಕೇಳಿದಳು. ನಾನು ಎಲ್ಲ ತಮ್ಮಂದಿರ ಹಾಗೆ "ನಿನ್ ತಪ್ಪೇನಿದೆ ಬಿಡಕ್ಕ" ಅಂದೆ. ತಪ್ಪು ಅವಳದಲ್ಲದಿದ್ದರೆ ಯಾರದು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಓದತೊಡಗಿದ್ದು ಆಗ.

ಮೊದಲು ಸಿಕ್ಕಿದ್ದು ದೊಡ್ಡ ಸಂಖ್ಯೆಗಳು. ವಿಶ್ವ ಆರೋಗ್ಯ ಸಂಸ್ಥೆ 2006ರ ತನ್ನ ವರದಿಯಲ್ಲಿ 57 ದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆ ಇದೆ ಎಂದಿತ್ತು. ಆ ಪಟ್ಟಿಯಲ್ಲಿ ನಾವೂ ಇದ್ದೆವು. ಅಳತೆಗೋಲು ಏನೆಂದರೆ, ಸಾವಿರ ಜನಕ್ಕೆ ಡಾಕ್ಟರು, ನರ್ಸು, ಸೂಲಗಿತ್ತಿಯರು ಎಲ್ಲ ಸೇರಿ 2.28. ಈ 2.28 ಎಲ್ಲಿಂದ ಬಂತು? ಶೇ. 80ರಷ್ಟು ಹೆರಿಗೆಗಳು ತರಬೇತಿ ಪಡೆದವರ ಕೈಯಲ್ಲಿ ಆಗಬೇಕಾದರೆ ಸುಮಾರಾಗಿ ಎಷ್ಟು ಮಂದಿ ಬೇಕು ಎಂದು ದೇಶಗಳ ಅಂಕಿಗಳನ್ನು ಹೋಲಿಸಿ ತೆಗೆದದ್ದು. 2016ಕ್ಕೆ ಅದು 4.45 ಆಯಿತು. ಯಾಕೆಂದರೆ ಈ ಸಲ ಹೆರಿಗೆ ಒಂದನ್ನೇ ನೋಡದೆ ಬಿಪಿ, ಶುಗರ್, ಕ್ಷಯ ಇಂಥ 12 ಸೂಚಕಗಳನ್ನು ಇಟ್ಟುಕೊಂಡಿದ್ದರು. ಜನ ಅಷ್ಟೇ ಇದ್ದರೂ ಕೇಳುವ ಪ್ರಶ್ನೆ ಬದಲಾದರೆ ಕೊರತೆಯೂ ಬದಲಾಗ್ತದೆ. 2030ರ ಹೊತ್ತಿಗೆ ಜಗತ್ತಿನಲ್ಲಿ 1.8 ಕೋಟಿ ಸಿಬ್ಬಂದಿ ಕಮ್ಮಿ ಬೀಳ್ತಾರೆ ಅಂತ ಆಗ ಅಂದಾಜು ಮಾಡಿದ್ದರು. 2022ರಲ್ಲಿ ಅದನ್ನು ಸುಮಾರು ಒಂದು ಕೋಟಿಗೆ ಇಳಿಸಿದರು. 80 ಲಕ್ಷ ಜನ ಎಲ್ಲಿಂದ ಬಂದರು? ಕೆಲವರು ನಿಜವಾಗಿಯೂ ಹೊಸದಾಗಿ ಸೇರಿದವರು. ಉಳಿದಂತೆ, ದೇಶಗಳು ಮೊದಲಿಗಿಂತ ಸರಿಯಾಗಿ ಎಣಿಸಿ ಕೊಟ್ಟವು. ನಮ್ಮ ಪ್ರಾಜೆಕ್ಟ್‌ಗಳಲ್ಲೂ ಹೀಗೇ, ಅರ್ಧ ಬಗ್ ಡೇಟಾದಲ್ಲೇ ಇರ್ತದೆ.

ಅಂದ ಹಾಗೆ, 'ಸಾವಿರ ಜನಕ್ಕೊಬ್ಬ ಡಾಕ್ಟರ್ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ' ಅಂತ ಪೇಪರುಗಳಲ್ಲಿ ಓದಿರ್ತೀರಿ. ನಾನೂ ಎಷ್ಟು ಸಲ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದ್ದೀನೋ. ಡಾಕ್ಟರರಿಗೆ ಮಾತ್ರ ಅಂತ ಅವರು ಅಂಥ ನಿಯಮ ಮಾಡಿಲ್ಲ. ಆದರೂ ನಮ್ಮ ಸರ್ಕಾರ ಆ ಗೆರೆ ದಾಟಿದ್ದೇವೆ ಅಂತ ಸಂಸತ್ತಿನಲ್ಲಿ ಹೇಳಿದೆ: 834 ಜನಕ್ಕೆ ಒಬ್ಬ ಡಾಕ್ಟರ್. ಲೆಕ್ಕ ಬಿಡಿಸಿ ನೋಡಿದರೆ, ನೋಂದಣಿಯಾದ ಸುಮಾರು 13 ಲಕ್ಷ ಅಲೋಪಥಿ ಡಾಕ್ಟರರಲ್ಲಿ ಶೇ. 80 ಮಂದಿ ಕೆಲಸದಲ್ಲಿದ್ದಾರೆ ಅಂತ ಇಟ್ಟುಕೊಂಡು, ಅದಕ್ಕೆ 5.65 ಲಕ್ಷ ಆಯುಷ್ ವೈದ್ಯರನ್ನು ಸೇರಿಸಿದ್ದಾರೆ. ಅವರು ಯಾವ ಊರಲ್ಲಿದ್ದಾರೆ ಅನ್ನೋದು ಈ ಭಾಗಾಕಾರದಲ್ಲಿ ಬರೋದೇ ಇಲ್ಲ.

ಎಣಿಕೆಯ ಬಗ್ಗೆ ಇನ್ನೊಂದು ಸಂಗತಿ ಓದಿ ನಾನು ಒಬ್ಬನೇ ಕೂತು ನಕ್ಕಿದ್ದೆ. 2001ರ ಜನಗಣತಿಯಲ್ಲಿ 'ನಿಮ್ಮ ಉದ್ಯೋಗ ಏನು' ಅಂತ ಕೇಳಿದಾಗ ಜನ ಹೇಳಿದ್ದನ್ನೇ ಬರೆದುಕೊಂಡಿದ್ದರು. ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫ್ಯಾನ್ ಎಂಬಿಬ್ಬರು ಆ ಅಂಕಿಅಂಶಗಳನ್ನು ಜಾಲಾಡಿ ಮಾಡಿದ ಅಧ್ಯಯನವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಅಲೋಪಥಿ ಡಾಕ್ಟರ್ ಅಂತ ಹೇಳಿಕೊಂಡವರಲ್ಲಿ ಶೇ. 57ರಷ್ಟು ಜನರಿಗೆ ವೈದ್ಯಕೀಯ ಪದವಿಯೇ ಇರಲಿಲ್ಲ. ಹಳ್ಳಿಗಳಲ್ಲಿ ಪದವಿ ಇದ್ದವರು ಐವರಲ್ಲಿ ಒಬ್ಬರೂ ಇಲ್ಲ. ನನಗೆ ತಕ್ಷಣ ನೆನಪಾದದ್ದು ನಮ್ಮೂರಿನ ಕಾಂಪೌಂಡರ್ ಮಾಮ. ಲೂನಾ ಮೇಲೆ ಬಂದು ಎಲ್ಲ ಜ್ವರಕ್ಕೂ ಒಂದೇ ಬಣ್ಣದ ಇಂಜೆಕ್ಷನ್ ಕೊಡ್ತಿದ್ದ. ಗಣತಿಯ ಮೇಷ್ಟ್ರಿಗೆ ಅವನು ಡಾಕ್ಟರ್ ಅಂತಲೇ ಬರೆಸಿರ್ತಾನೆ, ಅನುಮಾನವೇ ಬೇಡ. ನಗುವಾಗ ಇನ್ನೊಂದೂ ಹೊಳೆಯಿತು. ನನಗೆ ಟೈಫಾಯ್ಡ್ ಬಂದಾಗ ರಾತ್ರಿ ಹತ್ತಕ್ಕೆ ಬಂದವನೂ ಅವನೇ, ಬೇರೆ ಯಾರೂ ಇರಲಿಲ್ಲ.

ಶ್ರೀಮಂತ ದೇಶಗಳಾದರೂ ಈ ಲೆಕ್ಕ ಸರಿಯಾಗಿ ಮಾಡಿದ್ದಾವಾ ಅಂದರೆ, ಅಲ್ಲೂ ಅದೇ ಕಥೆ. ಅಮೆರಿಕದಲ್ಲಿ 1980ರಲ್ಲಿ ಒಂದು ರಾಷ್ಟ್ರೀಯ ಸಮಿತಿ 1990ರ ಹೊತ್ತಿಗೆ 70,000 ಡಾಕ್ಟರರು, 2000ದ ಹೊತ್ತಿಗೆ 1,45,000 ಡಾಕ್ಟರರು ಹೆಚ್ಚಾಗಿಬಿಡ್ತಾರೆ ಅಂತ ಎಚ್ಚರಿಸಿತ್ತು. 2006ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘವೇ ಸೀಟುಗಳನ್ನು ಶೇ. 30 ಹೆಚ್ಚಿಸಿ ಅಂತ ಕೇಳಿತು. ಕೆನಡಾದ್ದು ಇನ್ನೂ ಸ್ವಾರಸ್ಯ. 1991ರಲ್ಲಿ ಬೇರರ್, ಸ್ಟಾಡಾರ್ಟ್ ಎಂಬ ಇಬ್ಬರು ತಜ್ಞರು ಪ್ರಾಂತ್ಯ ಸರ್ಕಾರಗಳಿಗೆ ಒಂದು ದೊಡ್ಡ ವರದಿ ಕೊಟ್ಟರು. ಅದರಲ್ಲಿ ಹತ್ತಾರು ಶಿಫಾರಸುಗಳಿದ್ದವು. ಎಲ್ಲವನ್ನೂ ಒಟ್ಟಿಗೆ ಮಾಡಬೇಕು ಅಂತ ಅವರು ಹೇಳಿದ್ದರು. ಸರ್ಕಾರಗಳು ಎಲ್ಲಕ್ಕಿಂತ ಸುಲಭದ್ದನ್ನು ಬೇಗ ಕೈಗೆತ್ತಿಕೊಂಡವು. ಅದು ವೈದ್ಯಕೀಯ ಸೀಟು ಶೇ. 10 ಕಡಿತ. ಅದೇ ಹೊತ್ತಿಗೆ ತರಬೇತಿಯ ಅವಧಿ ಉದ್ದವಾಯಿತು. ಹೊಸದಾಗಿ ಬಂದವರು ಹಳೇ ಡಾಕ್ಟರರ ಹಾಗೆ ಹಗಲು ರಾತ್ರಿ ದುಡಿಯಲು ತಯಾರಿರಲಿಲ್ಲ, ಯಾಕಿರಬೇಕು? ಡಾಕ್ಟರರ ತಲೆ ಎಣಿಸಿದರೆ ಸಾಕಷ್ಟಿದ್ದರು, ಗಂಟೆ ಸಾಲಲಿಲ್ಲ. ಆ ದಶಕ ಮುಗಿಯುವಷ್ಟರಲ್ಲಿ 'ಫ್ಯಾಮಿಲಿ ಡಾಕ್ಟರ್ ಸಿಗ್ತಿಲ್ಲ' ಅನ್ನೋದು ಅಲ್ಲಿ ಮನೆಮನೆಯ ಮಾತಾಯಿತು. ಮತ್ತೆ ಸೀಟು ಹೆಚ್ಚಿಸಿದರು. ಆದರೆ ಇವತ್ತು ಸೇರಿದವನು ಡಾಕ್ಟರಾಗಿ ಬರೋದಕ್ಕೆ ಎಂಟು ಹತ್ತು ವರ್ಷ ಬೇಕು. ಅಲ್ಲೀವರೆಗೆ? ಬೇರೆ ದೇಶಗಳಿಂದ ತರಿಸಿಕೊಳ್ಳೋದು. ಬೇರೆಯವರು ಬೆಳೆಸಿದ್ದನ್ನು ತರೋದು ಬೆಳೆಯೋದಕ್ಕಿಂತ ಸುಲಭ.

ಈ ತರಿಸಿಕೊಳ್ಳೋದು ನಮ್ಮ ಮನೆ ಬಾಗಿಲಿಗೂ ಬಂದಿದೆ. ಅದನ್ನು ಆಮೇಲೆ ಹೇಳ್ತೀನಿ.

ಇಷ್ಟೆಲ್ಲ ಓದುವಾಗ ಒಂದು ವಿಧಾನ ಕಣ್ಣಿಗೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯದ್ದೇ, ಹೆಸರು 'ವಿಸ್ನ್'. ಪೀಟರ್ ಶಿಪ್ ಎಂಬಾತ ರೂಪಿಸಿದ್ದು, 1998ರಲ್ಲಿ ಕೈಪಿಡಿ ಬಂತು, 2010ರಲ್ಲಿ ಅದನ್ನು ಪರಿಷ್ಕರಿಸಿದರು. ಇದು 'ಇಷ್ಟು ಜನಸಂಖ್ಯೆಗೆ ಇಷ್ಟು ನರ್ಸು' ಅಂತ ಶುರು ಮಾಡೋದೇ ಇಲ್ಲ. ಆ ಜಾಗದಲ್ಲಿ ನಿಜವಾಗಿ ಎಷ್ಟು ಕೆಲಸ ಇದೆ, ಒಂದೊಂದನ್ನೂ ಸರಿಯಾಗಿ ಮಾಡಲು ಎಷ್ಟು ಹೊತ್ತು ಬೇಕು, ಒಬ್ಬರಿಗೆ ವರ್ಷದಲ್ಲಿ ಎಷ್ಟು ಹೊತ್ತು ಸಿಗುತ್ತದೆ, ಇವಿಷ್ಟರಿಂದ ಎಷ್ಟು ಜನ ಬೇಕು ಅನ್ನೋದನ್ನು ತೆಗೀತದೆ. ಓದ್ತಾ ಓದ್ತಾ ನಾನು ಕುರ್ಚಿಯಿಂದ ಎದ್ದೆ. ಇದು ನಮ್ಮ ಸೋಮವಾರದ ಮೀಟಿಂಗ್!

ಮೇ ತಿಂಗಳ ಒಂದು ಶನಿವಾರ ಊರಿಗೆ ಹೋದೆ. ರಾತ್ರಿ ಮುದ್ದೆ ಉಂಡು, ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಅಕ್ಕ, ಅವಳ ರಿಜಿಸ್ಟರುಗಳ ಅಟ್ಟಿ. ಭಾವ ಟಿವಿ ಸೌಂಡ್ ಕಮ್ಮಿ ಮಾಡಿ ನಮ್ಮ ಕಡೆಯೇ ಕಿವಿ ಇಟ್ಟಿದ್ದರು.

ವರ್ಷಕ್ಕೆ 52 ವಾರ, ವಾರಕ್ಕೆ ಆರು ದಿನ, 312 ದಿನ. ಸರ್ಕಾರಿ ರಜೆ 20, ಸಿಎಲ್ 15, ಹುಷಾರಿಲ್ಲದ್ದು ಮತ್ತಿತರೆ 12, ಟ್ರೈನಿಂಗ್ 10 ಕಳೆದರೆ 255.

"ಸಿಎಲ್ ಹದಿನೈದೂ ಯಾರ್ ತಗೊಳ್ತಾರೋ" ಅಂದಳು ಅಕ್ಕ.

"ತಗೊಳ್ಳೋದು ನಿನ್ ಹಕ್ಕು ಅಂತ ಲೆಕ್ಕ. ಬಾಯ್ಮುಚ್ಕೊಂಡು ನಂಬರ್ ಹೇಳು."

ದಿನಕ್ಕೆ ಏಳು ಗಂಟೆಯಂತೆ 1,785 ಗಂಟೆ. ಅಕ್ಕನ ವರ್ಷ ಅಂದ್ರೆ ಇಷ್ಟು. ಇನ್ನು ಕೆಲಸ. ತಾಯಿ ಕಾರ್ಡ್ ಆದ ಬಸುರಿಯರು ವರ್ಷಕ್ಕೆ ನೂರು, ಒಬ್ಬೊಬ್ಬರನ್ನು ಆರು ಸಲ, ಅರ್ಧ ಗಂಟೆಯಂತೆ ನೋಡಿದರೆ 300 ಗಂಟೆ. ಬಾಣಂತಿಯರ ಮನೆಗೆ ಮೂರು ಸಲ, ಸಲಕ್ಕೆ ಒಂದು ಗಂಟೆ, ಇನ್ನೊಂದು 300. ಗುರುವಾರದ ಲಸಿಕೆ, ವ್ಯಾಕ್ಸಿನ್ ಕ್ಯಾರಿಯರ್ ತರೋದರಿಂದ ಹಿಡಿದು ವಾಪಸ್ ಕೊಡೋವರೆಗೆ ಪೂರ್ತಿ ದಿನ, 48 ವಾರ, 336. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ವರ್ಷಕ್ಕೊಮ್ಮೆ ನೋಡಬೇಕು, 3,000 ಜನ, ಹದಿನೈದು ನಿಮಿಷ, 750. ಜ್ವರ, ಗಾಯ, ಮಾತ್ರೆ ಅಂತ ಬರುವವರು 400. ಕುಟುಂಬ ಯೋಜನೆ, ಕ್ಷಯದವರ ಫಾಲೋ ಅಪ್, ಇತ್ಯಾದಿ 200. ಒಟ್ಟು 2,286 ಗಂಟೆ. ಭಾಗಿಸಿದರೆ 1.28 ಜನ.

"ಅಷ್ಟೇನಾ?" ಅಂದರು ಒಳಗಿಂದ ಭಾವ.

ಅಷ್ಟೇ ಅಲ್ಲ. ದಾಖಲೆ, ಮೀಟಿಂಗ್, ಪೋರ್ಟಲ್‌ಗೆ ಎಂಟ್ರಿ, ಇವಕ್ಕೆ ಎಷ್ಟು ಹೊತ್ತು ಅಂತ ಕೇಳಿದೆ. ಅಕ್ಕ ಯೋಚಿಸದೆ "ಅರ್ಧ ದಿನ" ಅಂದಳು. ಒಂದು ಮಗುವಿಗೆ ಲಸಿಕೆ ಹಾಕಿದ್ದನ್ನು ರಿಜಿಸ್ಟರಿನಲ್ಲಿ, ಕಾರ್ಡಿನಲ್ಲಿ, ಆ್ಯಪಿನಲ್ಲಿ, ತಿಂಗಳ ವರದಿಯಲ್ಲಿ ಬರೆಯಬೇಕು. ನಾನು ಜುಗ್ಗತನ ಮಾಡಿ ಶೇ. 40 ಅಂತ ಹಾಕಿದೆ. ಇಂಥ ಕೆಲಸಕ್ಕೆ ಹೋದ ಹೊತ್ತನ್ನು ಬಿಟ್ಟು ಉಳಿದದ್ದರಲ್ಲೇ ರೋಗಿಗಳನ್ನು ನೋಡಬೇಕಲ್ಲ, ಹಾಗಾಗಿ 1.28 ಅನ್ನು 0.6ರಿಂದ ಭಾಗಿಸಬೇಕು. 2.13 ಬಂತು.

ಇನ್‌ಚಾರ್ಜ್ ಊರಿನ 1,400 ಗಂಟೆ ಸೇರಿಸಿದೆ. 3.4.

ಓಡಾಟದ ಹೊತ್ತನ್ನು ನಾನು ಹಿಡಿದೇ ಇರಲಿಲ್ಲ. ಸುಮಾರು ಮೂರೂವರೆ ಜನ ಮಾಡಬೇಕಾದ ಕೆಲಸಕ್ಕೆ ಅಕ್ಕ ಒಬ್ಬಳು. ಹೊಸ ಯೋಜನೆಯಲ್ಲಿ ಒಬ್ಬ ಸಿಎಚ್‌ಒ ಬಂದಿದ್ದರು, ಎಂಟು ತಿಂಗಳಿಗೆ ಬೇರೆ ಕೆಲಸ ಸಿಕ್ಕಿ ಹೊರಟರು. ಹಾಗಾದರೆ ಬಾಕಿ ಎರಡೂವರೆ ಜನದ ಕೆಲಸ ಎಲ್ಲಿಗೆ ಹೋಗ್ತಿತ್ತು? ಒಂದಷ್ಟು ಆಶಾ ಕಾರ್ಯಕರ್ತೆಯರ ತಲೆ ಮೇಲೆ. ಒಂದಷ್ಟು ಅಕ್ಕನ ರಾತ್ರಿ ನಿದ್ದೆಗೆ. ಅರ್ಧ ಗಂಟೆಯಲ್ಲಿ ಮಾಡಬೇಕಾದ ತಪಾಸಣೆ ಏಳು ನಿಮಿಷಕ್ಕೆ ಇಳಿದದ್ದರಲ್ಲಿ ಇನ್ನೊಂದಷ್ಟು. ಉಳಿದದ್ದು ಆಗಲೇ ಇಲ್ಲ. ಜನವರಿಯಲ್ಲಿ ಆಗದೇ ಉಳಿದದ್ದು ಆ ಹುಡುಗಿಯ ಬಿಪಿ.

ಅಕ್ಕ ಆ 3.4 ಅನ್ನು ಸುಮಾರು ಹೊತ್ತು ನೋಡಿದಳು. "ನಾನು ಸೋಮಾರಿ ಅಲ್ಲ ಹಂಗಾದ್ರೆ" ಅಂದಳು, ನಗ್ತಾ. ಹದಿನೇಳು ವರ್ಷ ಸರ್ವಿಸ್ ಮಾಡಿದವಳಿಗೆ ಅದನ್ನು ಒಂದು ಎಕ್ಸೆಲ್ ಶೀಟ್ ಹೇಳಬೇಕಾಗಿ ಬಂತಲ್ಲ ಅಂತ ನನಗೆ ನಗು ಬರಲಿಲ್ಲ.

ಬಾಗಿಲ ಹತ್ತಿರ ನಿಂತು ಪುಟ್ಟಿ ಎಲ್ಲ ಕೇಳಿಸ್ಕೊಳ್ತಿದ್ದಳು. ಅಕ್ಕನ ಮಗಳು, ಸೆಕೆಂಡ್ ಪಿಯುಸಿ ಆಗಷ್ಟೇ ಮುಗಿದಿತ್ತು. ಬಿಎಸ್ಸಿ ನರ್ಸಿಂಗ್ ಮಾಡ್ತೀನಿ ಅಂತ ಹಟ. ಮಾಡಿ ಜರ್ಮನಿಗೆ ಹೋಗ್ತಾಳಂತೆ. ಮೊಬೈಲ್‌ನಲ್ಲಿ ಜರ್ಮನ್ ಪಾಠ ಆಗಲೇ ಶುರುವಾಗಿತ್ತು. ಕೇರಳ ಸರ್ಕಾರದ ನೋರ್ಕಾ ರೂಟ್ಸ್ 2021ರಲ್ಲಿ ಜರ್ಮನಿಯ ಜೊತೆ 'ಟ್ರಿಪಲ್ ವಿನ್' ಅಂತ ಒಪ್ಪಂದ ಮಾಡಿಕೊಂಡಿದೆ, ಬಿ1 ಹಂತದವರೆಗೆ ಭಾಷೆ ಕಲಿಸಿ ಕಳಿಸ್ತಾರೆ, ಅದೆಲ್ಲ ಅವಳಿಗೆ ಬಾಯಿಪಾಠ. ಟ್ರಿಪಲ್ ವಿನ್ ಅಂದ್ರೆ ಮೂವರಿಗೂ ಲಾಭ, ಕಳಿಸುವ ದೇಶ, ತರಿಸಿಕೊಳ್ಳುವ ದೇಶ, ಹೋಗುವ ನರ್ಸು. ನಾಲ್ಕನೆಯವರೊಬ್ಬರು ಇದ್ದಾರೆ, ಇಲ್ಲಿ ಬಿಪಿ ನೋಡಿಸಿಕೊಳ್ಳಲು ಕಾದು ಕೂತವರು. ಅವರನ್ನು ಹೆಸರಿನಲ್ಲಿ ಸೇರಿಸಿಲ್ಲ.

ಇದಕ್ಕೂ ನಿಯಮ ಇದೆ. 2010ರಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಸಂಹಿತೆ ಒಪ್ಪಿಕೊಂಡಿತು. ತೀವ್ರ ಕೊರತೆ ಇರುವ ದೇಶಗಳಿಂದ ಬೆನ್ನುಹತ್ತಿ ಸಿಬ್ಬಂದಿಯನ್ನು ಕರೆಸಿಕೊಳ್ಳಬೇಡಿ, ನಿಮ್ಮ ಅಗತ್ಯಕ್ಕೆ ನೀವೇ ತಯಾರು ಮಾಡಿಕೊಳ್ಳಿ ಅನ್ನೋದು ಅದರ ತಿರುಳು. ಕಡ್ಡಾಯ ಏನಲ್ಲ. ಜೊತೆಗೆ ಕಾಪಾಡಬೇಕಾದ ದೇಶಗಳ ಪಟ್ಟಿಯೂ ಇದೆ, 2023ರಲ್ಲಿ ಅದರಲ್ಲಿ 55 ದೇಶ. 2006ರ ಪಟ್ಟಿಯಲ್ಲಿದ್ದ ಭಾರತ ಇದರಲ್ಲಿಲ್ಲ. ಸಂಹಿತೆಯ ಕಣ್ಣಿನಲ್ಲಿ ನಾವು ಅಷ್ಟೊಂದು ಬಡವರಲ್ಲ. ಜಗತ್ತಿನಲ್ಲಿ 2.98 ಕೋಟಿ ನರ್ಸುಗಳಿದ್ದಾರೆ, ಇನ್ನೂ 58 ಲಕ್ಷ ಮಂದಿ ಕಮ್ಮಿ ಅಂತ 2025ರ ವರದಿ ಹೇಳ್ತದೆ. ಇಷ್ಟು ಕೊರತೆ ಇರುವಾಗ ಪುಟ್ಟಿಯಂಥವರಿಗೆ ಎಲ್ಲ ಬಾಗಿಲೂ ತೆರೆದಿರ್ತವೆ.

"ಮಾಮ, ನೀವಾದ್ರೂ ಹೇಳಿ ಅಮ್ಮಂಗೆ" ಅಂದಳು.

ಅಕ್ಕನಿಗೆ ಮಗಳು ನರ್ಸಾಗೋದೇ ಬೇಡ. ಆಗಲೇಬೇಕು ಅಂದ್ರೆ ಇಲ್ಲೇ ಸರ್ಕಾರಿ ಕೆಲಸಕ್ಕೆ ಸೇರಲಿ ಅಂತ. ನನ್ನ ಬಾಯಲ್ಲಿ ಒಂದು ಭಾಷಣ ರೆಡಿ ಇತ್ತು: ನಮ್ಮ ಹಳ್ಳಿಗಳಿಗೇ ನರ್ಸಿಲ್ಲ, ನೀವೆಲ್ಲ ಹೊರಟುಬಿಟ್ರೆ ಹೇಗೆ ಅಂತ. ಅದು ಗಂಟಲಲ್ಲೇ ಉಳೀತು. ನಾನು ಬಿಇ ಮಾಡಿದ್ದು ಸರ್ಕಾರಿ ಕೋಟಾದ ಸೀಟಿನಲ್ಲಿ. ಹದಿಮೂರು ವರ್ಷದಿಂದ ಬೆಂಗಳೂರಲ್ಲಿ ಕೂತು ಯಾವುದೋ ದೇಶದ ಕ್ಲೈಂಟ್‌ಗೆ ಕೋಡ್ ಬರೀತಿದ್ದೀನಿ, ಎರಡು ವರ್ಷ ಅಲ್ಲೇ ಹೋಗಿ ಇದ್ದೂ ಬಂದೆ. ನೀನು ಊರಲ್ಲೇ ಇರಬೇಕಿತ್ತು ಅಂತ ಒಬ್ಬರೂ ಹೇಳಲಿಲ್ಲ. ಊರ ದೇವಸ್ಥಾನದಲ್ಲಿ ಶಾಲು ಹೊದಿಸಿದರು. ಹತ್ತೊಂಬತ್ತರ ಹುಡುಗಿಯೊಬ್ಬಳ ಮೇಲೆ ಮಾತ್ರ ದೇಶದ ಭಾರ ಹೊರಿಸೋದಾ?

ಥೈಲ್ಯಾಂಡ್ 1972ರಿಂದ ಹೊಸ ಡಾಕ್ಟರರನ್ನು ಮೂರು ವರ್ಷ ಸರ್ಕಾರಿ ಸೇವೆಗೆ ಕಡ್ಡಾಯವಾಗಿ ಕಳಿಸ್ತಿದೆ. ಅಷ್ಟಕ್ಕೇ ನಿಲ್ಲಲಿಲ್ಲ, 1994ರಿಂದ ಹಳ್ಳಿ ಕಡೆಯ ಹುಡುಗರನ್ನೇ ಆರಿಸಿ, ಅವರ ಊರ ಹತ್ತಿರದ ಆಸ್ಪತ್ರೆಗಳಲ್ಲೇ ಓದಿಸುವ ಕಾರ್ಯಕ್ರಮವನ್ನೂ ನಡೆಸಿದೆ. ಕರ್ನಾಟಕದಲ್ಲೂ ಡಾಕ್ಟರರ ಕಡ್ಡಾಯ ಸೇವೆಗೆ 2012ರ ಕಾನೂನು ಇದೆ. ಕಡ್ಡಾಯ ಮಾಡೋದು ಯೋಜನೆಯ ಅರ್ಧ ಭಾಗ. ಹೋದವರು ಉಳಿಯುವ ಹಾಗೆ ಮಾಡೋದು ಇನ್ನರ್ಧ. 3.4 ಜನದ ಕೆಲಸಕ್ಕೆ ಒಬ್ಬಳನ್ನು ಬಿಟ್ಟು, ಮೇಲೆ ನೋಟಿಸ್ ಕೊಡುವ ಜಾಗಕ್ಕೆ ಮಗಳು ಬರಲಿ ಅಂತ ಅಕ್ಕನಿಗೆ ತಾನೇ ಮನಸ್ಸಿನೊಳಗೆ ಆಸೆ ಇತ್ತಾ, ಗೊತ್ತಿಲ್ಲ.

"ಜರ್ಮನಿಯಲ್ಲಿ ಈ ಲೆಕ್ಕ ಎಷ್ಟು ಬರತ್ತೆ ಮಾಮ?" ಪುಟ್ಟಿಯದೇ ಪ್ರಶ್ನೆ.

ಓದಿದ್ದನ್ನು ಹೇಳಿದೆ. ಅಲ್ಲಿ 2019ರಿಂದ ಕೆಲವು ವಾರ್ಡುಗಳಲ್ಲಿ ಒಬ್ಬ ನರ್ಸಿಗೆ ಇಷ್ಟಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ ಅಂತ ಮಿತಿ ಇದೆ. ಆದರೂ ಕೆಲಸ ಜಾಸ್ತಿ, ಜನ ಕಮ್ಮಿ ಅಂತ ಅಲ್ಲಿನ ನರ್ಸುಗಳೂ ಮುಷ್ಕರ ಮಾಡ್ತಾರೆ. ಮಿತಿ ಇದೆ ಅನ್ನೋದಷ್ಟೇ ಅವಳ ಕಿವಿಗೆ ಬಿತ್ತು.

ಒಂಬತ್ತೂವರೆಗೆ ಅಕ್ಕ ಮೊಬೈಲ್ ನನ್ನ ಕೈಗೆ ಕೊಟ್ಟಳು. "ಸಾಫ್ಟ್‌ವೇರಿನವನಲ್ವಾ, ಇದು ಸಿಂಕ್ ಆಗ್ತಿಲ್ಲ, ನೋಡು." ಗುರುವಾರದ ಲಸಿಕೆಯ ಹದಿನಾಲ್ಕು ಎಂಟ್ರಿ ಇನ್ನೂ ಹಾಗೇ ಕೂತಿತ್ತು. ಅಂಗಳಕ್ಕೆ ಹೋಗಿ ಸಿಗ್ನಲ್ ಹುಡುಕಿ ಮೊಬೈಲ್ ಎತ್ತಿ ಹಿಡ್ಕೊಂಡು ನಿಂತೆ. ಹನ್ನೊಂದು ಹೋದವು, ಮೂರು ಹೋಗಲಿಲ್ಲ.

ಬೆಳಿಗ್ಗೆ ಹೊರಡುವಾಗ ಅಕ್ಕ ಬಸ್ ಸ್ಟ್ಯಾಂಡಿನವರೆಗೂ ಬಂದಳು. "ರಾತ್ರಿ ಮಾಡಿದ್ಯಲ್ಲ ಲೆಕ್ಕ, ಅದನ್ನ ಕನ್ನಡದಲ್ಲಿ ಟೈಪ್ ಮಾಡ್ಸಿ ಕಳ್ಸು. ನೋಟಿಸ್ ಉತ್ತರಕ್ಕೆ ಲಗತ್ತು ಮಾಡ್ತೀನಿ" ಅಂದಳು. ಓಡಾಟದ ಹೊತ್ತನ್ನೂ ಸೇರಿಸಿದೆ, 3.7 ಆಯಿತು. ಒಂದೇ ಪುಟ, ಕೊನೆಗೆ ಅವಳ ಸಹಿ, ಮೊಹರು. ಅವಳು ಕೊಟ್ಟ ಉತ್ತರಕ್ಕೆ ಈವರೆಗೂ ಮರು ಉತ್ತರ ಬಂದಿಲ್ಲ. ಇನ್‌ಚಾರ್ಜ್ ಹಾಗೇ ಇದೆ. ಪುಟ್ಟಿಯ ಮೊದಲ ವರ್ಷದ ಫೀಸು ಅರ್ಧ ನಾನು ಕಟ್ಟಿದೆ, ಅರ್ಧ ಅಕ್ಕ ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದಳು.